‘ಸ್ಪಾರ್ಸ್’: ಎಷ್ಟಿದೆ, ಎಷ್ಟರಲ್ಲಿದೆ?

2011ರ ಜನಗಣತಿಯ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. ರಾಜಸ್ಥಾನದ ಜನಸಂಖ್ಯೆ 6.85 ಕೋಟಿ, ಕೇರಳದ್ದು 3.34 ಕೋಟಿ. ಕೇರಳದ ಎರಡು ಪಟ್ಟಿಗಿಂತಲೂ ಹೆಚ್ಚು ಜನ ರಾಜಸ್ಥಾನದಲ್ಲಿದ್ದಾರೆ. ಆದರೂ ಇಂಗ್ಲಿಷಿನ ‘ಸ್ಪಾರ್ಸ್’ ಎಂಬ ವಿಶೇಷಣ ಸೇರಿಕೊಳ್ಳುವುದು ರಾಜಸ್ಥಾನದ ಜೊತೆಗೆ, ಅದರಲ್ಲೂ ಅದರ ಪಶ್ಚಿಮದ ಮರುಭೂಮಿಯ ಜೊತೆಗೆ. ಕೇರಳದ ಜನವಸತಿಯನ್ನು ಯಾರೂ ಆ ಪದದಿಂದ ವರ್ಣಿಸುವುದಿಲ್ಲ. ಜೈಸಲ್ಮೇರ್ ಎಂಬ ಒಂದೇ ಜಿಲ್ಲೆಯ ವಿಸ್ತೀರ್ಣ ಸುಮಾರು 38 ಸಾವಿರ ಚದರ ಕಿಲೋಮೀಟರ್, ಹೆಚ್ಚುಕಡಿಮೆ ಇಡೀ ಕೇರಳದಷ್ಟು. ಅಷ್ಟು ಅಗಲದ ನೆಲದಲ್ಲಿ 2011ರಲ್ಲಿ ಇದ್ದವರು ಏಳು ಲಕ್ಷಕ್ಕಿಂತ ಕಡಿಮೆ ಮಂದಿ. ಚದರ ಕಿಲೋಮೀಟರಿಗೆ ಕೇರಳದಲ್ಲಿ 860 ಜನ, ಜೈಸಲ್ಮೇರಿನಲ್ಲಿ 17 ಜನ.

ಹೀಗಿರುವಾಗ ಇಂಗ್ಲಿಷಿನ ‘ಸ್ಪಾರ್ಸ್ಲಿ ಪಾಪ್ಯುಲೇಟೆಡ್ ಸ್ಟೇಟ್’ ಎಂಬ ಮಾತನ್ನು ಕನ್ನಡಕ್ಕೆ ತರುವಾಗ ‘ಕಡಿಮೆ ಜನಸಂಖ್ಯೆಯ ರಾಜ್ಯ’ ಎಂದು ಬರೆದರೆ ಏನಾಗುತ್ತದೆ? ಏಳು ಕೋಟಿಯ ಹತ್ತಿರ ಜನರಿರುವ ರಾಜ್ಯವನ್ನು ಚಿಕ್ಕದೆಂದು ಹೇಳಿದಂತಾಗುತ್ತದೆ. ಇಂತಹ ಅನುವಾದ ನಮ್ಮ ಪಠ್ಯಗಳಲ್ಲಿ, ಸುದ್ದಿಗಳಲ್ಲಿ, ಸರ್ಕಾರಿ ವರದಿಗಳ ಕನ್ನಡ ಆವೃತ್ತಿಗಳಲ್ಲಿ ಕಣ್ಣಿಗೆ ಬೀಳುತ್ತಲೇ ಇರುತ್ತದೆ. ಒಂದು ಸಣ್ಣ ವಿಶೇಷಣವನ್ನು ಕುರಿತು ಇಡೀ ಅಂಕಣ ಬರೆಯಲು ಅದೇ ಕಾರಣ. ‘ಸ್ಪಾರ್ಸ್’ ಪದ ಏನನ್ನು ಅಳೆಯುತ್ತದೆ, ಎಲ್ಲಿಂದ ಬಂತು, ಅದಕ್ಕೆ ಸರಿಹೊಂದುವ ಕನ್ನಡ ಯಾವುದು ಎಂಬುದು ತಿಳಿದರೆ ಭಾಷೆಯ ಜೊತೆಗೆ ಯೋಚನೆಯೂ ನಿಖರವಾಗುತ್ತದೆ.

‘ಕಡಿಮೆ’ ಎನ್ನಲು ಒಂದು ಎಣಿಕೆ ಸಾಕು. ‘ಸ್ಪಾರ್ಸ್’ ಎನ್ನಬೇಕಾದರೆ ಎರಡು ಬೇಕು: ಎಷ್ಟಿದೆ ಎಂಬುದು, ಅದು ಎಷ್ಟು ಜಾಗದಲ್ಲಿ ಹರಡಿದೆ ಎಂಬುದು. ಒಂದೇ ಸೇರು ರಾಗಿಯನ್ನು ಐದು ಗುಂಟೆಗೆ ಎರಚಿದರೆ ಪೈರು ಒತ್ತಾಗಿ ಏಳುತ್ತದೆ. ಅದನ್ನೇ ಎರಡು ಎಕರೆಗೆ ಎರಚಿದರೆ ಅಲ್ಲೊಂದು ಇಲ್ಲೊಂದು ಮೊಳಕೆ ಕಾಣುತ್ತದೆ. ಕಾಳಿನ ಲೆಕ್ಕ ಎರಡೂ ಕಡೆ ಒಂದೇ, ಬದಲಾದದ್ದು ಕಾಳಿನಿಂದ ಕಾಳಿಗಿರುವ ದೂರ. ಈ ದೂರವನ್ನು, ನಡುವೆ ಉಳಿದ ಖಾಲಿ ಜಾಗವನ್ನು ಹೇಳುವ ಪದವೇ ‘ಸ್ಪಾರ್ಸ್’.

ಬಿತ್ತನೆಯ ಈ ಹೋಲಿಕೆಯನ್ನು ಬೇಕೆಂದೇ ಆರಿಸಿಕೊಂಡೆ. ಆ ಪದದ ಹುಟ್ಟು ಇರುವುದೇ ಎರಚುವ ಕೆಲಸದಲ್ಲಿ. ಲ್ಯಾಟಿನ್ ಭಾಷೆಯಲ್ಲಿ ‘ಸ್ಪಾರ್ಗೆರೆ’ ಎಂಬ ಕ್ರಿಯಾಪದವಿದೆ. ಎರಚು, ಚೆಲ್ಲು, ಚಿಮುಕಿಸು, ಚದುರಿಸು ಎಂಬ ಅರ್ಥಗಳೆಲ್ಲ ಅದಕ್ಕೆ ಇದ್ದವು. ಹೊಲದಲ್ಲಿ ಬೀಜ ಎರಚುವುದಕ್ಕೂ, ದೇವರ ಮುಂದೆ ನೀರು ಪ್ರೋಕ್ಷಿಸುವುದಕ್ಕೂ, ಶತ್ರುಸೈನ್ಯವನ್ನು ದಿಕ್ಕಾಪಾಲು ಮಾಡುವುದಕ್ಕೂ ರೋಮನ್ನರು ಅದೇ ಕ್ರಿಯಾಪದವನ್ನು ಬಳಸುತ್ತಿದ್ದರು. ಎರಚಿ ಮುಗಿಸಿದ ಮೇಲಿನ ಸ್ಥಿತಿಗೆ, ಎಂದರೆ ‘ಎರಚಲ್ಪಟ್ಟದ್ದು, ಚದುರಿದ್ದು’ ಎನ್ನುವುದಕ್ಕೆ, ‘ಸ್ಪಾರ್ಸುಸ್’ ಎಂಬ ರೂಪವಿತ್ತು. ಇಂಗ್ಲಿಷಿನ ‘ಸ್ಪಾರ್ಸ್’ ಬಂದದ್ದು ಅಲ್ಲಿಂದ.

ಹಾಗಾಗಿ ಮೂಲದಲ್ಲಿ ಈ ಪದಕ್ಕೆ ಕೊರತೆಯ ಛಾಯೆಯೇ ಇಲ್ಲ. ಯಾವುದೋ ಕೈ ಎರಚಿತು, ಕಾಳು ದೂರದೂರ ಬಿತ್ತು, ಅಷ್ಟೇ. 14ನೇ ಶತಮಾನದ ಇಟಲಿಯ ಕವಿ ಪೆಟ್ರಾರ್ಕನ 366 ಕವಿತೆಗಳ ಪ್ರಸಿದ್ಧ ಸಂಗ್ರಹಕ್ಕೆ ‘ರೀಮೆ ಸ್ಪಾರ್ಸೆ’ ಎಂಬ ಹೆಸರೂ ಇದೆ. ಚದುರಿದ ಪದ್ಯಗಳು ಎಂದು ಅದರ ಅರ್ಥ. ಪದ್ಯ ಕಡಿಮೆ ಎಂದು ಅದನ್ನು ಓದಲು ಸಾಧ್ಯವೇ ಇಲ್ಲ. ಸಸ್ಯಶಾಸ್ತ್ರದ ಲ್ಯಾಟಿನ್ನಿನಲ್ಲಿ ಎದುರುಬದುರಾಗಿಯೂ ಇರದ, ಒಂದು ಬಿಟ್ಟು ಒಂದರಂತೆ ಸರದಿಯಲ್ಲೂ ಇರದ, ಕ್ರಮವಿಲ್ಲದೆ ಕೊಂಬೆಯ ಮೇಲೆ ಹರಡಿದ ಎಲೆಗಳಿಗೆ ‘ಸ್ಪಾರ್ಸ’ ಎಂಬ ವಿಶೇಷಣ ಹತ್ತುತ್ತಿತ್ತು. ಅಲ್ಲಿಯೂ ಮಾತು ಎಲೆಗಳ ಜೋಡಣೆಯದು, ಎಣಿಕೆಯದಲ್ಲ.

‘ಸ್ಪಾರ್ಗೆರೆ’ಯ ಸಂತಾನ ದೊಡ್ಡದು. ‘ದಿಸ್’ ಎಂಬ ಉಪಸರ್ಗ ಸೇರಿ ‘ಡಿಸ್ಪರ್ಸ್’ ಆಯಿತು. ಪೊಲೀಸರು ಗುಂಪು ಚದುರಿಸುವುದಕ್ಕೂ, ನ್ಯೂಟನ್ ಪಟ್ಟಕದ ಮೂಲಕ ಬಿಳಿ ಬೆಳಕನ್ನು ಹಾಯಿಸಿ ಬಣ್ಣಗಳಾಗಿ ಬಿಡಿಸಿದ ವರ್ಣವಿಭಜನೆಗೂ ಇಂಗ್ಲಿಷಿನಲ್ಲಿ ಇದೇ ಪದ. ‘ಇಂಟರ್’ ಸೇರಿದಾಗ ನಡುನಡುವೆ ಬೆರೆಸು ಎಂಬ ‘ಇಂಟರ್ಸ್ಪರ್ಸ್’ ಹುಟ್ಟಿತು. ಬಿಯರ್ ತಯಾರಿಸುವವರು ಮೊಳಕೆ ಬರಿಸಿ ಒಣಗಿಸಿದ ಧಾನ್ಯದ ಮೇಲೆ ಬಿಸಿನೀರು ಚಿಮುಕಿಸುವ ಕೆಲಸವನ್ನು ಇವತ್ತಿಗೂ ‘ಸ್ಪಾರ್ಜ್’ ಎನ್ನುತ್ತಾರೆ. ಸ್ಪ್ಯಾನಿಷ್‌ನಲ್ಲಿ ಚದುರಿಸು ಎನ್ನಲು ‘ಎಸ್ಪಾರ್ಸಿರ್’ ಎಂಬ ಪದವಿದ್ದರೆ, ಅದರಿಂದಲೇ ಬಂದ ‘ಎಸ್ಪಾರ್ಸಿಮಿಯೆಂತೊ’ ಎಂಬುದಕ್ಕೆ ವಿಹಾರ, ಮನೋರಂಜನೆ ಎಂಬ ಅರ್ಥ ಬಂದಿದೆ. ಬಿಗಿಹಿಡಿದ ಮನಸ್ಸನ್ನು ಸಡಿಲವಾಗಿ ಹರಡಿಕೊಳ್ಳಲು ಬಿಡುವುದು ಅದರ ಭಾವ.

ಇದೇ ಕುಟುಂಬದ ‘ಆಸ್ಪರ್ಷನ್’ ಕನ್ನಡಿಗರಿಗೆ ವಿಶೇಷವಾಗಿ ಹತ್ತಿರವಾಗಬೇಕು. ಮೂಲದಲ್ಲಿ ಅದು ಮೇಲೆ ಚಿಮುಕಿಸುವುದು. ಕ್ಯಾಥೊಲಿಕ್ ಪೂಜೆಯಲ್ಲಿ ಪಾದ್ರಿಗಳು ಭಕ್ತರ ಮೇಲೆ ತೀರ್ಥ ಪ್ರೋಕ್ಷಿಸುವ ವಿಧಿಗೆ ಆ ಹೆಸರಿದೆ. ಕಾಲಕ್ರಮದಲ್ಲಿ ಇನ್ನೊಬ್ಬರ ಹೆಸರಿನ ಮೇಲೆ ಕೊಳೆ ಚಿಮುಕಿಸುವುದಕ್ಕೂ ಅದನ್ನೇ ಬಳಸಿ, ಇಂದು ಇಂಗ್ಲಿಷಿನಲ್ಲಿ ಅದರ ಚಾಲ್ತಿಯ ಅರ್ಥ ಅಪವಾದ, ದೂಷಣೆ. ನಾವು ‘ಕೆಸರೆರಚುವುದು’ ಎನ್ನುವಾಗ ಕಣ್ಣ ಮುಂದೆ ಬರುವ ಚಿತ್ರವೂ ಇದೇ. ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಭಾಷೆಗಳು ನಿಂದೆಯನ್ನು ಎರಚುವ ಕ್ರಿಯೆಯಾಗಿ ಕಂಡಿವೆ.

ತೀರ್ಥ ಚಿಮುಕಿಸಲು ಬಳಸುವ ಉಪಕರಣದ ಹೆಸರು ‘ಆಸ್ಪರ್ಜಿಲಮ್’. 1729ರಲ್ಲಿ ಇಟಲಿಯ ಪಾದ್ರಿ, ಸಸ್ಯವಿಜ್ಞಾನಿ ಮಿಕೇಲಿ ಒಂದು ಬಗೆಯ ಬೂಸ್ಟನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅದರ ಆಕಾರ ಆ ಉಪಕರಣದಂತೆಯೇ ಕಂಡಿತು. ಆದ್ದರಿಂದ ಅದಕ್ಕೆ ‘ಆಸ್ಪರ್ಜಿಲಸ್’ ಎಂದು ಹೆಸರಿಟ್ಟರು. ಆ ಕುಲದ ‘ಆಸ್ಪರ್ಜಿಲಸ್ ಫ್ಲೇವಸ್’ ಎಂಬ ಬೂಸ್ಟು ಒದ್ದೆಯಾಗಿ ಉಳಿದ ಕಡಲೆಕಾಯಿ, ಮೆಕ್ಕೆಜೋಳಗಳಲ್ಲಿ ಬೆಳೆದು ವಿಷ ಹುಟ್ಟಿಸುತ್ತದೆ. ಕುಲದ ಮೊದಲಕ್ಷರ ‘ಅ’, ಪ್ರಭೇದದ ಮೊದಲ ಭಾಗ ‘ಫ್ಲ’, ಅದಕ್ಕೆ ‘ಟಾಕ್ಸಿನ್’ ಸೇರಿಸಿ ಆ ವಿಷಕ್ಕೆ ‘ಅಫ್ಲಟಾಕ್ಸಿನ್’ ಎಂಬ ಹೆಸರು ಕಟ್ಟಿದ್ದಾರೆ. ಕಡಲೆಕಾಯಿ ಬೆಳೆಯುವ ನಮ್ಮ ಬಯಲುಸೀಮೆಯ ರೈತರಿಗೂ ವ್ಯಾಪಾರಿಗಳಿಗೂ ಪರಿಚಿತವಾದ ಈ ಹೆಸರಿನ ಮೊದಲ ಅಕ್ಷರದಲ್ಲಿ ರೋಮನ್ನರ ಎರಚುವ ಕ್ರಿಯಾಪದ ಅಡಗಿ ಕುಳಿತಿದೆ.

ಇಂಗ್ಲಿಷಿಗೆ ಈ ಪದ ಬಂದ ಹಾದಿಯೂ ಗಮನಿಸುವಂಥದ್ದು. 16ನೇ ಶತಮಾನದಲ್ಲಿ ಅದು ಚದುರಿಸು ಎಂಬ ಅರ್ಥದ ಕ್ರಿಯಾಪದವಾಗಿ ಕಾಣಿಸಿಕೊಂಡಿತು, ಆಮೇಲೆ ಬಳಕೆ ತಪ್ಪಿತು. ವಿಶೇಷಣವಾಗಿ ಅದು ಮೊದಲು ನೆಲೆಯೂರಿದ್ದು 18ನೇ ಶತಮಾನದ ಸ್ಕಾಟ್ಲೆಂಡಿನಲ್ಲಿ. ಅಲ್ಲಿ ಅಕ್ಷರಗಳ, ಪದಗಳ ನಡುವೆ ಹೆಚ್ಚು ಜಾಗ ಬಿಟ್ಟು ಬರೆದ ಕೈಬರಹವನ್ನು ‘ಸ್ಪಾರ್ಸ್’ ಎನ್ನುತ್ತಿದ್ದರು. 1808ರಲ್ಲಿ ಪ್ರಕಟವಾದ ಜಾನ್ ಜೇಮಿಸನ್ನನ ಸ್ಕಾಟಿಷ್ ಭಾಷೆಯ ನಿಘಂಟಿನಲ್ಲಿ ಪದ ದಾಖಲಾಗಿದೆ. ಆದರೆ ಅದಕ್ಕೆ ಹರವಾದ ಬಳಕೆ ಸಿಕ್ಕಿದ್ದು ಅಟ್ಲಾಂಟಿಕ್ಕಿನ ಆಚೆ ದಡದಲ್ಲಿ. ಇದು ಅಮೆರಿಕನ್ನರು ತಾವೇ ಹುಟ್ಟಿಸಿಕೊಂಡ ಪದವೆಂದು 19ನೇ ಶತಮಾನದಲ್ಲಿ ಬಹಳ ಜನ ನಂಬಿದ್ದರು. ಹಾಗಲ್ಲ ಎಂದು ತೋರಿಸಲು ನಿಘಂಟುಕಾರರು ಜೇಮಿಸನ್ನನ ಕಡೆ ಬೊಟ್ಟು ಮಾಡಬೇಕಾಯಿತು.

ಅಮೆರಿಕಕ್ಕೆ ಈ ಪದ ಅಷ್ಟು ಬೇಕಾದದ್ದಕ್ಕೆ ಕಾರಣ ಅಲ್ಲಿನ ನೆಲವೇ. ಪಶ್ಚಿಮಕ್ಕೆ ಹೋಗಿ ನೆಲೆಸುತ್ತಿದ್ದವರ ಮನೆಗಳು ಒಂದರಿಂದೊಂದು ಮೈಲುಗಟ್ಟಲೆ ದೂರ ಇರುತ್ತಿದ್ದವು. ಆ ಸ್ಥಿತಿಗೊಂದು ಪದ ಬೇಕಿತ್ತು. ಅಲ್ಲಿನ ಜನಗಣತಿ ಇಲಾಖೆ ಅದನ್ನು ಅಂಕಿಗೂ ಇಳಿಸಿತ್ತು: ಚದರ ಮೈಲಿಗೆ ಇಬ್ಬರಿಗಿಂತ ಕಡಿಮೆ ಜನರಿರುವ ನೆಲ ಇನ್ನೂ ನೆಲಸದ ನೆಲ. 1890ರ ಜನಗಣತಿಯ ನಂತರ, ಅಂತಹ ನೆಲದ ಅಂಚನ್ನು ಒಂದು ಗೆರೆಯಾಗಿ ಇನ್ನು ಎಳೆಯಲಾಗದು ಎಂದು ಇಲಾಖೆ ಘೋಷಿಸಿತು. ಮೂರು ವರ್ಷಗಳ ಬಳಿಕ ಇತಿಹಾಸಕಾರ ಫ್ರೆಡರಿಕ್ ಜಾಕ್ಸನ್ ಟರ್ನರ್ ಮಂಡಿಸಿದ ಪ್ರಸಿದ್ಧ ಪ್ರಬಂಧ ಆ ಘೋಷಣೆಯಿಂದಲೇ ಶುರುವಾಗುತ್ತದೆ. ಆ ನೆಲದಲ್ಲಿ ಸಾವಿರಾರು ವರ್ಷಗಳಿಂದ ಬಾಳಿದ ಮೂಲನಿವಾಸಿಗಳಿದ್ದರು ಎಂಬುದನ್ನು ಆ ಲೆಕ್ಕ ಬದಿಗಿಟ್ಟಿತ್ತು. ವಿರಳವಾಗಿ ಜನರಿದ್ದ ನೆಲವನ್ನು ಯಾರೂ ಇಲ್ಲದ ನೆಲವೆಂದು ಕಂಡದ್ದರ ಫಲವನ್ನು ಆ ಸಮುದಾಯಗಳು ಉಂಡಿವೆ. ಪದದ ಅರ್ಥದಲ್ಲಿ ಆಗುವ ಸಡಿಲಿಕೆ ಕೆಲವೊಮ್ಮೆ ಬದುಕಿನ ಮೇಲೆಯೇ ಎರಗುತ್ತದೆ.

ಇಂಗ್ಲಿಷಿನಲ್ಲಿ ‘ಸ್ಪಾರ್ಸ್’ ಪದದ ಅಕ್ಕಪಕ್ಕ ನಿಲ್ಲುವ ಕೆಲವು ಪದಗಳಿವೆ. ಅವುಗಳಿಂದ ಇದನ್ನು ಬೇರ್ಪಡಿಸಿ ತಿಳಿಯಬೇಕು. ‘ಸ್ಕೇರ್ಸ್’ ಎಂದರೆ ಬೇಕಾದಷ್ಟು ಸಿಗದಿರುವುದು. ಲ್ಯಾಟಿನ್ನಿನಲ್ಲಿ ಕಿತ್ತು ತೆಗೆಯುವ, ಆರಿಸಿ ತೆಗೆಯುವ ಅರ್ಥವಿದ್ದ ಪದದಿಂದ ಹಳೆಯ ಫ್ರೆಂಚ್ ಮೂಲಕ ಅದು ಬಂತು. ಬೇಡಿಕೆಯ ಮುಂದೆ ಪೂರೈಕೆ ಸೋತಾಗ ಬಳಸುವ ಪದ ಅದು: ಬೇಸಿಗೆಯಲ್ಲಿ ಕುಡಿಯುವ ನೀರು ‘ಸ್ಕೇರ್ಸ್’, ಅದನ್ನು ‘ಸ್ಪಾರ್ಸ್’ ಎನ್ನಲಾಗದು. ‘ಸ್ಕ್ಯಾಂಟ್’ ಬಂದದ್ದು ಉತ್ತರ ಯುರೋಪಿನ ಹಳೆಯ ನಾರ್ಸ್ ಭಾಷೆಯಿಂದ, ಅಲ್ಲಿ ಅದಕ್ಕೆ ಗಿಡ್ಡ ಎಂಬ ಅರ್ಥವಿತ್ತು. ಇರಬೇಕಾದ ಅಳತೆಗೆ ಮೋಟಾಗಿರುವುದು ಅದರ ಭಾವ. ‘ಮೀಗರ್’ ಎಂಬುದರ ಮೂಲ ಲ್ಯಾಟಿನ್ನಿನ ಬಡಕಲು, ಸೊರಗಿದ ಎಂಬ ಪದ. ‘ಸ್ಪೇರ್’ ನೋಡಲು ಕೇಳಲು ‘ಸ್ಪಾರ್ಸ್’ನ ಒಡಹುಟ್ಟಿನಂತಿದ್ದರೂ ಅದು ಬೇರೆಯೇ ಮನೆಯದು. ಅದು ಹಳೆಯ ಇಂಗ್ಲಿಷಿನ ಸ್ವಂತ ಪದ, ಜರ್ಮನ್ನಿನ ‘ಶ್ಪಾರೆನ್’ ಅದರ ಬಂಧು, ಮಿತವಾಗಿ ಬಳಸುವುದು ಅದರ ತಿರುಳು. ಅಲಂಕಾರವಿಲ್ಲದ, ಅಳೆದು ತೂಗಿದ ಗದ್ಯವನ್ನು ಹೊಗಳುವಾಗ ಒಪ್ಪುವ ಪದ ‘ಸ್ಪೇರ್’. ಮಿತವ್ಯಯಕ್ಕೂ ಚದುರಿಕೆಗೂ ನೇರ ಸಂಬಂಧವಿಲ್ಲ.

ಇನ್ನು ‘ರೇರ್’. ಅಪರೂಪ ಎಂಬುದು ಅದರ ಇಂದಿನ ಅರ್ಥ. ಆದರೆ ಅದರ ಮೂಲವಾದ ಲ್ಯಾಟಿನ್ ‘ರಾರುಸ್’ಗೆ ಮೊದಲು ಇದ್ದ ಅರ್ಥ ತೆಳು, ಅಳ್ಳಕ, ನಡುವೆ ಸಂದುಗಳುಳ್ಳದ್ದು, ‘ದೆನ್ಸುಸ್’ ಎಂದರೆ ದಟ್ಟ ಎಂಬುದರ ವಿರುದ್ಧ ಪದ ಅದು. ತೆಳುವಾಗಿ ಹರಡಿದ್ದು ಆಗೊಮ್ಮೆ ಈಗೊಮ್ಮೆ ಮಾತ್ರ ಎದುರಾಗುತ್ತದೆ. ಹಾಗಾಗಿ ತೆಳು ಎಂಬುದು ಮೆಲ್ಲನೆ ಅಪರೂಪವಾಗಿ ತಿರುಗಿತು.

ಕನ್ನಡದ ‘ವಿರಳ’ವೂ ನಡೆದದ್ದು ಸರಿಯಾಗಿ ಇದೇ ದಾರಿಯಲ್ಲಿ. ಸಂಸ್ಕೃತದ ‘ವಿರಲ’ ಎಂದರೆ ನಡುನಡುವೆ ಎಡೆಯುಳ್ಳದ್ದು, ಬಿಡಿಬಿಡಿಯಾದದ್ದು, ತೆಳುವಾದದ್ದು. ಅಲ್ಲಿಂದ ಅದಕ್ಕೆ ಅಪರೂಪ ಎಂಬ ಅರ್ಥವೂ ಬಂತು. ಇಂದು ನಾವು ‘ಅಂತಹವರು ವಿರಳ’ ಎನ್ನುವಾಗ ಬಳಸುವುದು ಈ ಎರಡನೆಯ ಅರ್ಥವನ್ನು. ಮೊದಲನೆಯ ಅರ್ಥ ಎಷ್ಟು ಗಟ್ಟಿಯಾಗಿತ್ತು ಎಂಬುದಕ್ಕೆ ಅದರ ವಿರುದ್ಧ ಪದವೇ ಸಾಕ್ಷಿ. ‘ಅವಿರಳ’ ಎಂದರೆ ಸಂದಿಲ್ಲದ, ಎಡೆಬಿಡದ, ನಿರಂತರವಾದ ಎಂದರ್ಥ. ಶರಣ ಚೆನ್ನಬಸವಣ್ಣನವರನ್ನು ‘ಅವಿರಳ ಜ್ಞಾನಿ’ ಎಂದು ಕನ್ನಡ ನಾಡು ಕರೆದಿದೆ. ಎಲ್ಲಿಯೂ ಬಿರುಕಿಲ್ಲದ, ನಡುವೆ ಖಾಲಿ ಬಿಡದ ಅರಿವು ಎಂಬುದು ಆ ಬಿರುದಿನ ಹಿರಿಮೆ. ‘ವಿರಳ’ವನ್ನು ಅಪರೂಪ ಎಂದಷ್ಟೇ ತಿಳಿದವರಿಗೆ ಆ ಬಿರುದು ಅರ್ಥವಾಗುವುದಿಲ್ಲ.

ಆದ್ದರಿಂದ ‘ಸ್ಪಾರ್ಸ್’ ಪದಕ್ಕೆ ಕನ್ನಡದಲ್ಲಿ ಹೊಸದನ್ನು ಟಂಕಿಸಬೇಕಾದ ಅಗತ್ಯವಿಲ್ಲ. ‘ವಿರಳ’ ಅದಕ್ಕೆ ಸರಿಯಾಗಿ ಕೂರುತ್ತದೆ. ವಿರಳ ಜನವಸತಿ, ವಿರಳ ಗಿಡಗಂಟಿ, ವಿರಳ ದತ್ತಾಂಶ ಎಂದರೆ ಸಾಕು. ಮಾತಿನ ಕನ್ನಡದಲ್ಲಂತೂ ಇನ್ನೂ ಸೊಗಸಾದ ಬಗೆಗಳಿವೆ: ಪೈರು ತೆಳುವಾಗಿದೆ, ಮನೆಗಳು ಬಿಡಿಬಿಡಿಯಾಗಿವೆ, ಮರಗಳು ಅಲ್ಲೊಂದು ಇಲ್ಲೊಂದು ಇವೆ. ಈ ಮಾತುಗಳೆಲ್ಲ ಜಾಗವನ್ನು ಮನಸ್ಸಿನಲ್ಲಿಟ್ಟುಕೊಂಡೇ ಹುಟ್ಟಿದವು. ‘ಕಡಿಮೆ’, ‘ಕೊರತೆ’, ‘ಅಪರೂಪ’ ಎಂಬ ಮೂರು ಪದಗಳಿಗೆ ಆ ಜಾಗದ ಅರಿವಿಲ್ಲ. ನೀರಿನ ಕೊರತೆ, ಅಪರೂಪದ ಹಕ್ಕಿ, ಕಡಿಮೆ ಕೂಲಿ, ವಿರಳ ಮರಗಳು ಎಂದು ನಾಲ್ಕನ್ನೂ ಅವುಗಳದೇ ಮನೆಯಲ್ಲಿ ಇರಿಸಿದರೆ ಓದುಗರಿಗೆ ಗೊಂದಲವಿರದು.

ಈ ವ್ಯತ್ಯಾಸ ದಿನನಿತ್ಯ ಎದುರಾಗುವುದು ಹವಾಮಾನ ವರದಿಯಲ್ಲಿ. ‘ಕರಾವಳಿಯ ಬಹುತೇಕ ಕಡೆಗಳಲ್ಲಿ, ಒಳನಾಡಿನ ಒಂದೆರಡು ಕಡೆಗಳಲ್ಲಿ ಮಳೆ’ ಎಂಬ ಧಾಟಿ ಆಕಾಶವಾಣಿ ಕೇಳಿದವರಿಗೆಲ್ಲ ಗೊತ್ತು. ಇವು ಬಾಯಿಗೆ ಬಂದಂತೆ ಆಡಿದ ಮಾತುಗಳಲ್ಲ. ಒಂದು ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಎಷ್ಟು ಪಾಲು ಕೇಂದ್ರಗಳಿಗೆ ಮಳೆಯಾಗಿದೆ ಎಂಬುದರ ಮೇಲೆ ಭಾರತೀಯ ಹವಾಮಾನ ಇಲಾಖೆ ನಾಲ್ಕು ದರ್ಜೆ ಮಾಡಿಕೊಂಡಿದೆ. ಶೇ 25ರವರೆಗೆ ಒಂದು ದರ್ಜೆ, ಶೇ 26ರಿಂದ 50 ಎರಡನೆಯದು, ಶೇ 51ರಿಂದ 75 ಮೂರನೆಯದು, ಅದಕ್ಕೂ ಮೇಲಿನದು ನಾಲ್ಕನೆಯದು. ಮಳೆಯ ಬಿರುಸಿಗೆ ಬೇರೆಯೇ ಅಳತೆ: 24 ಗಂಟೆಯಲ್ಲಿ 64.5 ಮಿಲಿಮೀಟರಿನಿಂದ ಭಾರೀ ಮಳೆ, 204.5 ಮಿಲಿಮೀಟರ್ ಮತ್ತು ಅದಕ್ಕೂ ಮೇಲ್ಪಟ್ಟರೆ ಅತ್ಯಂತ ಭಾರೀ ಮಳೆ. ಹಾಗಾಗಿ ‘ಒಂದೆರಡು ಕಡೆ ಅತ್ಯಂತ ಭಾರೀ ಮಳೆ’ ಎಂಬ ಮುನ್ಸೂಚನೆಯಲ್ಲಿ ವಿರೋಧವೇನೂ ಇಲ್ಲ. ಹರಡಿಕೆ ವಿರಳ, ಬಿದ್ದ ಕಡೆ ಅನಾಹುತದಷ್ಟು ಮಳೆ. ‘ಒಂದೆರಡು ಕಡೆ’ ಎಂಬುದನ್ನು ‘ಸ್ವಲ್ಪ ಮಳೆ’ ಎಂದು ಕೇಳಿಸಿಕೊಂಡು ಹೊಳೆ ದಾಟಲು ಹೊರಟರೆ ಅಪಾಯ ತಪ್ಪಿದ್ದಲ್ಲ.

ಖನಿಜಗಳ ಜಗತ್ತಿನಲ್ಲೂ ಇದೇ ಪಾಠವಿದೆ. ಮೊಬೈಲು, ವಿದ್ಯುತ್ ವಾಹನ, ಗಾಳಿಯಂತ್ರಗಳಿಗೆ ಬೇಕಾದ 17 ಧಾತುಗಳನ್ನು ಇಂಗ್ಲಿಷಿನಲ್ಲಿ ‘ರೇರ್ ಅರ್ತ್’ ಎನ್ನುತ್ತಾರೆ. ಹೆಸರು ಕೇಳಿದರೆ ಇವು ಭೂಮಿಯಲ್ಲಿ ಅಪರೂಪ ಎನಿಸುತ್ತದೆ. ನಿಜಸ್ಥಿತಿ ಬೇರೆ. ಅವುಗಳಲ್ಲಿ ಒಂದಾದ ಸೀರಿಯಂ ಭೂಮಿಯ ಹೊರಪದರದಲ್ಲಿ ಹೆಚ್ಚುಕಡಿಮೆ ತಾಮ್ರದಷ್ಟೇ ಇದೆ. ತೊಡಕು ಇರುವುದು ಇವು ಬಂಡೆಗಳಲ್ಲಿ ಬಹಳ ತೆಳುವಾಗಿ ಹರಡಿಕೊಂಡಿರುವುದರಲ್ಲಿ. ಗಣಿ ತೋಡಲು ಲಾಭವಾಗುವಷ್ಟು ಒಂದೆಡೆ ಒತ್ತಾಗಿ ಸಿಗುವುದು ಕೆಲವೇ ಜಾಗಗಳಲ್ಲಿ. ಕನ್ನಡ ಬರಹಗಳಲ್ಲಿ ಇವನ್ನು ಅಪರೂಪದ ಎಂದೂ ವಿರಳ ಎಂದೂ ಎರಡು ಬಗೆಯಲ್ಲಿ ಹೆಸರಿಸುವುದುಂಟು. ‘ವಿರಳ’ ಎಂಬುದೇ ವಿಜ್ಞಾನಕ್ಕೆ ಹತ್ತಿರ. ಇಲ್ಲಿ ಕನ್ನಡದ ಪದ ಇಂಗ್ಲಿಷಿನ ಹೆಸರಿಗಿಂತ ಹೆಚ್ಚು ಸತ್ಯವಾಗಿದೆ.

ಆಕಾಶದಲ್ಲಿ ಇನ್ನೂ ದೊಡ್ಡ ಉದಾಹರಣೆ ಇದೆ. ಮಂಗಳ ಮತ್ತು ಗುರು ಗ್ರಹಗಳ ನಡುವಿನ ಕ್ಷುದ್ರಗ್ರಹ ಪಟ್ಟಿಯಲ್ಲಿ ಒಂದು ಕಿಲೋಮೀಟರಿಗಿಂತ ದೊಡ್ಡ ಬಂಡೆಗಳೇ ಹತ್ತು ಲಕ್ಷಕ್ಕೂ ಹೆಚ್ಚು ಇವೆ ಎಂದು ಖಗೋಳವಿಜ್ಞಾನಿಗಳು ಅಂದಾಜಿಸಿದ್ದಾರೆ. ಸಿನಿಮಾಗಳಲ್ಲಿ ಬಾಹ್ಯಾಕಾಶ ನೌಕೆಗಳು ಬಂಡೆಗಳ ದಟ್ಟಣೆಯ ನಡುವೆ ನುಸುಳಿ ಪಾರಾಗುವುದನ್ನು ನೋಡಿದ್ದೇವೆ. ವಾಸ್ತವದಲ್ಲಿ ಆ ಬಂಡೆಗಳ ನಡುವಿನ ಅಂತರ ಸರಾಸರಿ ಹತ್ತು ಲಕ್ಷ ಕಿಲೋಮೀಟರಿನ ಆಸುಪಾಸು, ಭೂಮಿಯಿಂದ ಚಂದ್ರನಿಗಿರುವ ದೂರದ ಎರಡು ಪಟ್ಟಿಗಿಂತ ಹೆಚ್ಚು. 1972ರಲ್ಲಿ ಆ ಪಟ್ಟಿಯನ್ನು ಹೊಕ್ಕ ಮೊದಲ ನೌಕೆ ಪಯೋನಿಯರ್-10 ಮರುವರ್ಷ ಯಾವ ಗಾಯವೂ ಇಲ್ಲದೆ ಹೊರಬಂತು. ಲಕ್ಷಗಟ್ಟಲೆ ಇದ್ದರೂ ವಿರಳವಾಗಿರುವುದು ಸಾಧ್ಯ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗದು.

ಗಣಿತದಲ್ಲಿ ಈ ಪದ ಶಾಸ್ತ್ರೀಯ ಸಂಜ್ಞೆಯೇ ಆಗಿದೆ. ಸಾಲು ಮತ್ತು ಕಂಬಗಳಲ್ಲಿ ಅಂಕಿಗಳನ್ನು ಜೋಡಿಸಿದ ಮಾತೃಕೆಯಲ್ಲಿ ಬಹುಪಾಲು ಮನೆಗಳು ಸೊನ್ನೆಯಾಗಿದ್ದರೆ ಅದು ‘ಸ್ಪಾರ್ಸ್ ಮ್ಯಾಟ್ರಿಕ್ಸ್’, ವಿರಳ ಮಾತೃಕೆ. ಭಾರತದ ರೈಲು ಜಾಲವನ್ನೇ ತೆಗೆದುಕೊಳ್ಳಿ. ಲೆಕ್ಕಕ್ಕೆ 7,000 ನಿಲ್ದಾಣಗಳೆಂದು ಇಟ್ಟುಕೊಳ್ಳೋಣ. ಯಾವ ನಿಲ್ದಾಣದ ಮುಂದಿನ ನಿಲ್ದಾಣ ಯಾವುದು ಎಂಬುದನ್ನು ಗುರುತಿಸುವ ಕೋಷ್ಟಕಕ್ಕೆ 7,000 ಸಾಲು, 7,000 ಕಂಬ ಬೇಕು, ಒಟ್ಟು 4.9 ಕೋಟಿ ಮನೆ. ಆದರೆ ಸಾಮಾನ್ಯವಾಗಿ ಒಂದು ನಿಲ್ದಾಣಕ್ಕೆ ನೇರ ನೆರೆಯ ನಿಲ್ದಾಣಗಳು ಎರಡು, ಜಂಕ್ಷನ್ ಆದರೆ ಮೂರೋ ನಾಲ್ಕೋ. ತುಂಬುವ ಮನೆಗಳು ಹದಿನೈದು ಸಾವಿರದ ಆಸುಪಾಸು; ಉಳಿದ ಕೋಟಿಗಟ್ಟಲೆ ಮನೆಗಳಲ್ಲಿ ಸೊನ್ನೆ. ಆ ಸೊನ್ನೆಗಳನ್ನೆಲ್ಲ ಕಂಪ್ಯೂಟರಿನಲ್ಲಿ ತುಂಬಿಡುವ ಬದಲು ತುಂಬಿದ ಮನೆಗಳ ವಿಳಾಸವನ್ನು ಮಾತ್ರ ಬರೆದಿಟ್ಟರೆ ಜಾಗವೂ ಉಳಿಯಿತು, ಸಮಯವೂ ಉಳಿಯಿತು.

ಈ ದಾರಿಯಲ್ಲಿ ಮೊದಲು ನಡೆದವರಲ್ಲಿ ಹ್ಯಾರಿ ಮಾರ್ಕೊವಿಟ್ಜ್ ಒಬ್ಬರು. ಹೂಡಿಕೆಯನ್ನು ಹಲವೆಡೆ ಹಂಚಿ ಅಪಾಯ ತಗ್ಗಿಸುವ ಸಿದ್ಧಾಂತಕ್ಕೆ 1990ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಅವರು, 1950ರ ದಶಕದಲ್ಲಿ ಅಮೆರಿಕದ ರ‍್ಯಾಂಡ್ ಸಂಸ್ಥೆಯಲ್ಲಿದ್ದಾಗ ಕೈಗಾರಿಕೆಗಳ ದೊಡ್ಡ ದೊಡ್ಡ ಕೋಷ್ಟಕಗಳಲ್ಲಿ ಸೊನ್ನೆಗಳೇ ತುಂಬಿರುವುದನ್ನು ಗಮನಿಸಿದರು. ‘ಸ್ಪಾರ್ಸ್ ಮ್ಯಾಟ್ರಿಕ್ಸ್’ ಎಂಬ ಹೆಸರಿನ ಶ್ರೇಯವನ್ನೂ ಅವರಿಗೇ ಕೊಡುತ್ತಾರೆ. ಬ್ರಿಟನ್ನಿನ ಗಣಿತಜ್ಞ ಜೇಮ್ಸ್ ವಿಲ್ಕಿನ್ಸನ್ ಇದಕ್ಕೆ ಕೊಟ್ಟ ಲಕ್ಷಣ ಬಹಳ ವ್ಯಾವಹಾರಿಕವಾದುದು: ಸೊನ್ನೆಗಳ ಲಾಭ ಪಡೆಯುವುದು ಲಾಭದಾಯಕ ಎನಿಸುವಷ್ಟು ಸೊನ್ನೆಗಳಿದ್ದರೆ ಆ ಮಾತೃಕೆ ವಿರಳ. ಶೇಕಡಾ ಇಷ್ಟು ಎಂಬ ಗೆರೆಯನ್ನು ಅವರು ಹಾಕಲಿಲ್ಲ. ಖಾಲಿ ಜಾಗ ಎಲ್ಲಿದೆ ಎಂದು ತಿಳಿದಿರುವುದೇ ಒಂದು ಬಂಡವಾಳ ಎಂದು ಆ ಲಕ್ಷಣ ಒಪ್ಪಿಕೊಂಡಿತು.

ಆ ಬಂಡವಾಳ ಆಸ್ಪತ್ರೆಯವರೆಗೂ ಬಂದಿದೆ. ಎಂಆರ್‌ಐ ಯಂತ್ರದೊಳಗೆ ರೋಗಿ ಬಹಳ ಹೊತ್ತು ಅಲುಗಾಡದೆ ಮಲಗಬೇಕು. ಮಕ್ಕಳಿಗೆ, ಉಸಿರು ಹಿಡಿಯಲಾಗದ ವೃದ್ಧರಿಗೆ ಅದು ಕಷ್ಟ. ದೇಹದ ಒಳಚಿತ್ರವನ್ನು ಸರಿಯಾದ ಗಣಿತರೂಪಕ್ಕೆ ತಂದಾಗ ಅದರಲ್ಲಿ ಮುಖ್ಯವಾದ ಅಂಕಿಗಳು ಕೆಲವೇ, ಉಳಿದವು ಸೊನ್ನೆಗೆ ಹತ್ತಿರ. ಚಿತ್ರ ಹೀಗೆ ವಿರಳವಾಗಿದ್ದರೆ ಎಲ್ಲ ಅಳತೆಗಳನ್ನೂ ತೆಗೆದುಕೊಳ್ಳದೆ, ಆಯ್ದ ಕೆಲವು ಅಳತೆಗಳಿಂದಲೇ ಇಡೀ ಚಿತ್ರವನ್ನು ಮತ್ತೆ ಕಟ್ಟಬಹುದು ಎಂದು 2004ರಿಂದ 2006ರ ನಡುವೆ ಎಮಾನ್ಯುಯೆಲ್ ಕಾಂಡೆಸ್, ಜಸ್ಟಿನ್ ರಾಂಬರ್ಗ್, ಟೆರೆನ್ಸ್ ಟಾವೊ, ಡೇವಿಡ್ ಡೊನೊಹೊ ಅವರ ಸಂಶೋಧನೆ ತೋರಿಸಿಕೊಟ್ಟಿತು. ಅಳತೆ ಕಡಿಮೆಯಾದಷ್ಟೂ ರೋಗಿ ಯಂತ್ರದೊಳಗೆ ಇರುವ ಹೊತ್ತು ಕಡಿಮೆ. 2017ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ವಿಧಾನ ಬಳಸುವ ಯಂತ್ರಗಳಿಗೆ ಒಪ್ಪಿಗೆ ಕೊಟ್ಟಿತು.

ಗಣಿತದಲ್ಲಿ ವಿರಳತೆಯಿಂದ ಕೆಲಸ ಹಗುರಾಗುತ್ತದೆ. ಜನಜೀವನದಲ್ಲಿ ಹಾಗಲ್ಲ, ಅಲ್ಲಿ ವಿರಳತೆಯಿಂದ ಖರ್ಚೂ ಶ್ರಮವೂ ಹೆಚ್ಚುತ್ತವೆ. ಸಾವಿರ ಜನ ಒಂದೇ ಊರಿನಲ್ಲಿದ್ದರೆ ಒಂದು ಶಾಲೆ, ಒಂದು ರಸ್ತೆ, ಒಂದು ನೀರಿನ ಟ್ಯಾಂಕು ಸಾಕು. ಅದೇ ಸಾವಿರ ಜನ ಕಾಡಿನ ನಡುವೆ ಇಪ್ಪತ್ತು ಮಜರೆಗಳಲ್ಲಿ ಹರಡಿದ್ದರೆ ಒಂದೊಂದು ಮನೆಗೂ ತಂತಿ ಎಳೆಯಬೇಕು, ಒಂದೊಂದು ಹಳ್ಳಕ್ಕೂ ಕಾಲುಸಂಕ ಬೇಕು. ಕರ್ನಾಟಕದಲ್ಲಿ ಚದರ ಕಿಲೋಮೀಟರಿಗೆ 2011ರಲ್ಲಿ ಸರಾಸರಿ 319 ಜನರಿದ್ದರು. ಬೆಂಗಳೂರು ನಗರ ಜಿಲ್ಲೆಯಲ್ಲಿ ಆ ಅಂಕಿ ನಾಲ್ಕು ಸಾವಿರ ದಾಟುತ್ತದೆ, ಕೊಡಗಿನಲ್ಲಿ 135ಕ್ಕೆ ಇಳಿಯುತ್ತದೆ. ಉತ್ತರ ಕನ್ನಡದ ಜೋಯಿಡಾದಂತಹ ತಾಲ್ಲೂಕಿನಲ್ಲಿ ಮನೆಯಿಂದ ಮನೆಗೆ ಹೋಗಲು ಕಾಡು ದಾಟಬೇಕು. ಇಂತಹ ಕಡೆ ‘ಜನ ಕಡಿಮೆ ಇದ್ದಾರೆ’ ಎಂಬ ಮಾತು ‘ಸೌಲಭ್ಯವೂ ಕಡಿಮೆ ಸಾಕು’ ಎಂಬ ತೀರ್ಮಾನಕ್ಕೆ ಸುಲಭವಾಗಿ ಜಾರುತ್ತದೆ. ‘ಜನ ವಿರಳವಾಗಿ ನೆಲೆಸಿದ್ದಾರೆ’ ಎಂದು ಹೇಳಿದರೆ ತೀರ್ಮಾನ ತಿರುಗಿ ನಿಲ್ಲುತ್ತದೆ: ತಲಾ ಖರ್ಚು ಇಲ್ಲಿ ಹೆಚ್ಚು ಬೇಕು.

ಈ ಸತ್ಯವನ್ನು ನಮ್ಮ ಸಾರ್ವಜನಿಕ ಯೋಜನೆಗಳ ನಿಯಮಗಳು ಕಾಗದದ ಮೇಲೆ ಒಪ್ಪಿಕೊಂಡಿವೆ. ಆರೋಗ್ಯ ಉಪಕೇಂದ್ರಕ್ಕೆ ಬಯಲಿನಲ್ಲಿ 5,000 ಜನಸಂಖ್ಯೆ ಮಾನದಂಡವಾದರೆ, ಗುಡ್ಡಗಾಡು ಹಾಗೂ ಬುಡಕಟ್ಟು ಪ್ರದೇಶಗಳಲ್ಲಿ 3,000. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 30,000ದ ಬದಲು 20,000. 2000ದ ಡಿಸೆಂಬರಿನಲ್ಲಿ ಶುರುವಾದ ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ ರಸ್ತೆ ಸಂಪರ್ಕಕ್ಕೆ ಬಯಲಿನಲ್ಲಿ 500 ಜನರ ವಸತಿ ಬೇಕಿದ್ದರೆ, ಗುಡ್ಡಗಾಡು, ಮರುಭೂಮಿ, ಬುಡಕಟ್ಟು ಪ್ರದೇಶಗಳಲ್ಲಿ 250 ಸಾಕೆಂದು ನಿಗದಿಯಾಯಿತು. ತಲೆ ಎಣಿಸಿದರೆ ಸಾಲದು, ದೂರವನ್ನೂ ಎಣಿಸಬೇಕು ಎಂಬ ತಿಳಿವಳಿಕೆ ಈ ನಿಯಮಗಳ ಹಿಂದಿದೆ. ಮಕ್ಕಳ ಸಂಖ್ಯೆ ಸಾಲದೆಂದು ಮಲೆನಾಡಿನ ಶಾಲೆಯೊಂದನ್ನು ಮುಚ್ಚುವ ಮಾತು ಬಂದಾಗ ನಾವು ನೆನಪಿಡಬೇಕಾದದ್ದೂ ಇದನ್ನೇ. ಅಲ್ಲಿ ಮಕ್ಕಳ ಸಂಖ್ಯೆಯ ಪಕ್ಕದಲ್ಲೇ ಮುಂದಿನ ಶಾಲೆ ಎಷ್ಟು ದೂರ ಎಂಬುದನ್ನೂ ಬರೆಯಬೇಕು.

ವರದಿಗಾರರಲ್ಲಿ, ಶಿಕ್ಷಕರಲ್ಲಿ, ಅನುವಾದಕರಲ್ಲಿ, ಕಚೇರಿಗಳಲ್ಲಿ ಕನ್ನಡ ಟಿಪ್ಪಣಿ ಬರೆಯುವವರಲ್ಲಿ ನನ್ನ ವಿನಂತಿ ಇಷ್ಟೇ. ಇಂಗ್ಲಿಷಿನಲ್ಲಿ ‘ಸ್ಪಾರ್ಸ್’ ಎಂಬ ಪದ ಕಂಡಾಗ ‘ಕಡಿಮೆ’ ಎಂದು ಬರೆದು ಮುಂದೆ ಹೋಗಬೇಡಿ. ಎಷ್ಟಿದೆ, ಎಷ್ಟರಲ್ಲಿದೆ ಎಂಬ ಎರಡು ಪ್ರಶ್ನೆ ಕೇಳಿಕೊಂಡು ‘ವಿರಳ’ ಎಂದು ಬರೆಯಿರಿ. ಸಾಧ್ಯವಾದರೆ ಚದರ ಕಿಲೋಮೀಟರಿನ ಅಂಕಿಯನ್ನೂ ಜೊತೆಗೆ ಕೊಡಿ. ಆ ಒಂದು ಪದ ಸರಿಯಾದರೆ ದೂರದ ಮಜರೆಯಲ್ಲಿರುವವರ ಪಾಲಿನ ರಸ್ತೆ, ಶಾಲೆ, ದವಾಖಾನೆಯ ಲೆಕ್ಕವೂ ಸರಿಯಾಗಲು ದಾರಿಯಾಗುತ್ತದೆ.